ಗೂಡಿನ ಮುಂದೆ ಬಸುರಿ

ಕೆಂಚು ಕೋಳಿ ಮರಿ ಎಬ್ಬಿಸಿದ ದಿನವೇ ಇಮಾಮಬಿ ಅವುಗಳಲ್ಲಿ ಗಟ್ಟಿಯಾದ ಒಂದನ್ನು ಹಿಡಿದು ಕಾಲಿಗೆ ಹಸಿರು ದಾರ ಕಟ್ಟಿದ್ದಳು. ಅದು ಹುಂಜವೋ ಹ್ಯಾಟೆಯೋ ಇನ್ನೂ ತಿಳಿಯುವಂತಿರಲಿಲ್ಲ. ಹುಂಜವೆಂದೇ ಅವಳು ಹಿಡಿದಿದ್ದಳು. ಮಗಳು ತಾಜಬಿ ಎರಡು ಸಲ ಹಡೆದು ಎರಡೂ ಸಲ ಬರಿಗೈಯಲ್ಲಿ ಎದ್ದವಳು. ಮೂರನೆಯದಕ್ಕೆ ಏಳು ತುಂಬಿದೊಡನೆ ರಾಯಾಪುರದ ಗಂಡನ ಮನೆಯಿಂದ ಉಪ್ಪಿನಬೆಟಗೇರಿಗೆ ಕರೆತಂದಿದ್ದರು. ಈ ಸಲ ಕೂಸು ಉಳಿದು, ಅದಕ್ಕೆ ನಲವತ್ತು ದಿನ ತುಂಬಿದರೆ ದಾರದ ಮರಿ ಊರ ಹೊರಗಿನ ಪೀರರಿಗೆ ಎಂದು ಹರಕೆ.

ಮರಿಗಳು ತಿಪ್ಪೆ ಕೆದರುವಷ್ಟು ದೊಡ್ಡವಾಗುವುದರೊಳಗೆ ಕಡಿಮೆಯಾಗತೊಡಗಿದವು. ಮೊದಲು ಹದ್ದಿನ ಕೆಲಸವೆಂದುಕೊಂಡಳು. ಆಮೇಲೆ ಒಂದು ಮಧ್ಯಾಹ್ನ, ನೆರೆಮನೆಯ ದಾನವ್ವನ ಜೋಳದ ಕಣಕಿ ಬಣವೆಯಿಂದ ಕೇರೆಹಾವು ಇಳಿದು, ಗೋಡೆಯ ಸಂದಿಯಲ್ಲಿ ತಲೆ ತೂರಿಸಿ, ಒಂದು ಮರಿಯನ್ನು ಹಿಡಿದುಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ಸರಿದುಹೋದದ್ದನ್ನು ಕಣ್ಣಾರೆ ಕಂಡಳು. ದಾರದ ಮರಿ ತಾಯಿಯ ರೆಕ್ಕೆಯೊಳಗಿತ್ತು. ಆ ಸಂದಿಗೆ ಮಣ್ಣು ಮೆತ್ತಿದಳು. ಹಾವು ಇನ್ನೊಂದು ಸಂದಿ ಹುಡುಕಿತು. ಗೂಡಿನ ಸುತ್ತ ಬೆಳ್ಳುಳ್ಳಿ ಅರೆದ ನೀರು ಚೆಲ್ಲಿದಳು, ಜಾಲಿ ಮುಳ್ಳು ಒಟ್ಟಿದಳು. ಮುಳ್ಳು ತಾಗಿದ್ದು ಅವಳ ಕಾಲಿಗೇ. ಹೆಡಿಗೆಯಡಿ ಮುಚ್ಚಿಟ್ಟರೆ ಕೋಳಿ ಬಡಿದಾಡಿ ಮರಿಗಳನ್ನೇ ತುಳಿಯುತ್ತಿತ್ತು.

“ಒಂದ ಬಡಿಗಿ ತೊಗೊಂಡು ಹಾಕಬಾರದೇನ್ರಿ ಅದಕ್ಕ?” ಎಂದು ಗಂಡ ಗೌಸಸಾಬನಿಗೆ ಹೇಳಿದಳು. ಅವನು ಧಾರವಾಡದ ಸಾಹೇಬರ ಬಂಗಲೆಗಳಲ್ಲಿ ಗಾದಿಯ ಅರಳೆ ಹಿಂಜಿ ಬರುವ ಪಿಂಜಾರ. ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಹೊರಟಿದ್ದವನು ಹೊಸ್ತಿಲಲ್ಲೇ ನಿಂತ.

“ಮನ್ಯಾಗ ಬಸರ ಹೆಂಗಸ ಇದ್ದಾಗ ಯಾರರ ಹಾವ ಹೊಡೀತಾರೇನ? ನಿನ್ನ ಬುದ್ಧಿ ಏನ ಹಿಂಜಿದ ಅರಳಿ ಹಂಗ ಹಾರಿಹೋಗೇತೇನ?”

ಅದು ಅವಳಿಗೂ ಗೊತ್ತಿದ್ದ ಮಾತೇ.

ದಾರಿ ತೋರಿಸಿದವಳು ದಾನವ್ವ. ಆ ಓಣಿಯ ಅರ್ಧ ಕೂಸುಗಳು ಅವಳ ಕೈಯಲ್ಲೇ ಕಣ್ಣು ಬಿಟ್ಟಿದ್ದವು. ಗೋಡೆಯಾಚೆಯಿಂದ ಇಣುಕಿ ಹೇಳಿದಳು: “ಏ ಇಮಾಮಬಿ, ಕೈಯಾಗ ಔಷಧ ಇಟಗೊಂಡು ಊರೆಲ್ಲಾ ಯಾಕ ತಿರಗತೀಯ? ಬಸರ ಹೆಂಗಸ ಕಣ್ಣಿಟ್ಟ ನೋಡಿದರ ಹಾವಿನ ಕಣ್ಣ ಹೋಗತಾವು. ಒಗದ ಹಗ್ಗದಂಗ ಇದ್ದಲ್ಲೇ ಬೀಳತೈತಿ. ತಾಜಬಿನ್ನ ಗೂಡಿನ ಮುಂದ ಕುಂದರಸು. ನಮ್ಮನಿಯವರು ಕವಲಗೋಲಿಲೆ ಒತ್ತಿ ಹಿಡದು ಕೆರಿ ಆಚಿ ಬಿಟ್ಟ ಬರತಾರು. ಹೊಡ್ಯೂದೂ ಬ್ಯಾಡ, ಪಾಪಾನೂ ಬ್ಯಾಡ.”

“ಖರೇನ ನಿಲ್ಲತೈತೇನ ದಾನವ್ವ?”

“ನನ್ನ ಹಿರೇಮಗ ಹೊಟ್ಟ್ಯಾಗಿದ್ದಾಗ ಕಣದಾಗ ನಾಗಪ್ಪನ್ನ ನಿಲ್ಲಿಸಿದಾಕಿ ನಾ. ಗಂಡ ಒಬ್ಬ ಇವತ್ತಿಗೂ ನನ್ನ ನೋಡಿ ನಿಲ್ಲವಲ್ಲ ನೋಡು!”

ಇಮಾಮಬಿ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಅವಳಿಗೆ ಆ ಮಾತಿನಲ್ಲಿ ಅನುಮಾನವಿರಲಿಲ್ಲ. ತಾನೂ ಸಣ್ಣಂದಿನಿಂದ ಕೇಳಿದ್ದೇ. ಮಗಳನ್ನು ಹೇಗೆ ಒಪ್ಪಿಸಲಿ ಎಂಬುದೊಂದೇ ಚಿಂತೆ. ಹುಡುಗಿಗೆ ಈಚೆಗೆ ಊಟ ಸೇರುತ್ತಿರಲಿಲ್ಲ, ಮಾತೂ ಕಡಿಮೆಯಾಗಿತ್ತು. ಆದರೆ ಒಳಗಿನಿಂದ ತಾಜಬಿ, ಯಾರೂ ಕೇಳುವ ಮೊದಲೇ, “ನಾ ಕುಂದರತೇನಿ” ಎಂದಳು. ಎದ್ದು ಹೊರಗೂ ಬಂದಳು. ಅವಳಿಗೆ ಉಮೇದು ಬಂದಿತಲ್ಲ ಎಂದು ಇಮಾಮಬಿಗೆ ಸಮಾಧಾನವಾಯಿತು.

ನುಗ್ಗೆ ಗಿಡದ ನೆರಳಿಗೆ ಕೌದಿ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕೂಡಿಸಿದಳು. ಎದುರಿಗೆ ಗೂಡು, ಪಕ್ಕದಲ್ಲಿ ಹಾವಿನ ಹೊಸ ಸಂದಿ. ದಾನವ್ವನ ಗಂಡ ಹನುಮಪ್ಪ ಕವಲಗೋಲು ಹಿಡಿದು ಬಣವೆಯ ಮರೆಯಲ್ಲಿ ಚುಟ್ಟಾ ಸೇದುತ್ತ ಕುಳಿತ. ಆ ದಿನ ಹಾವು ಬರಲಿಲ್ಲ. “ನಿಮ್ಮ ಚುಟ್ಟಾದ ನಾತಕ್ಕ ನಾನ ಮನ್ಯಾಗ ನಿಲ್ಲೂದಿಲ್ಲ, ಹಾವ ಬರತೈತೇನ?” ಎಂದು ದಾನವ್ವ ಬೈದಳು. ತಾಜಬಿ ಮಾತ್ರ ಹೊತ್ತು ಇಳಿಯುವವರೆಗೂ ಸಂದಿಯ ಮೇಲಿನ ಕಣ್ಣು ಕೀಳಲಿಲ್ಲ. ನೀರು ಕೊಟ್ಟರೂ ಅತ್ತಲೇ ನೋಡುತ್ತ ಕುಡಿದಳು.

ಮರುದಿನ ಬಿಸಿಲು ಜೋರಾಗಿತ್ತು. ಇಮಾಮಬಿ ಹಿತ್ತಲ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೋಳಿ ಒಮ್ಮೆಲೇ ಗಂಟಲು ಬದಲಿಸಿತು. ತಲೆ ಎತ್ತಿ ನೋಡಿದರೆ ಸಂದಿಯಿಂದ ಹಾವು ಗೇಣುದ್ದ ಹೊರಗೆ ಬಂದಿತ್ತು. ತಾಜಬಿ ಅಲುಗಲಿಲ್ಲ. ಎರಡೂ ಕೈ ಹೊಟ್ಟೆಯ ಮೇಲೆ, ಕಣ್ಣು ಹಾವಿನ ಮೇಲೆ. ಹಾವು ತಲೆ ಎತ್ತಿತು, ನಾಲಗೆ ಆಡಿಸಿತು, ಹಾಗೆಯೇ ನಿಂತಿತು.

ನಿಂತಿತು! ಇಮಾಮಬಿಯ ಕೈಯಲ್ಲಿದ್ದ ಮೊರ ತಾನಾಗಿ ಕೆಳಗಿಳಿಯಿತು. ಮಗಳ ಮುಖದಲ್ಲಿ ಒಂದು ಬಗೆಯ ಬೆಳಕು ಬಂದದ್ದನ್ನು ಅವಳು ಕಂಡಳು.

ಅಷ್ಟರಲ್ಲಿ ಹಾವು ತಲೆ ತಗ್ಗಿಸಿ ಮುಂದೆ ಹರಿಯಿತು. ಅವಸರವೂ ಇಲ್ಲ, ಅಂಜಿಕೆಯೂ ಇಲ್ಲ. ತಾಜಬಿಯ ಪಾದದಿಂದ ಮೊಳ ದೂರದಲ್ಲಿ, ಕೌದಿಯ ಅಂಚಿಗೆ ಮೈ ತಾಗಿಸಿಕೊಂಡೇ ಹೋಯಿತು. ಅವಳು ಅದರ ಜೊತೆಗೇ ತಲೆ ತಿರುಗಿಸುತ್ತ, ರೆಪ್ಪೆ ಬಡಿಯದೆ ನೋಡಿದಳು. ಕೋಳಿ ಪುಕ್ಕ ಕೆದರಿ ಮೇಲೆ ಬಿದ್ದು ಕುಕ್ಕಿತು. ಮರಿಗಳು ಚೆದರಿದವು. ಹಾವು ಹಿಡಿದ ಮರಿಯ ಕಾಲಲ್ಲಿ ಹಸಿರು ದಾರವಿತ್ತು.

ಇಮಾಮಬಿ ಚೀರಿದಳು. ಹನುಮಪ್ಪ ಗೋಡೆ ಜಿಗಿದು ಬಂದು ಕೋಲು ಊರಿದ. ಊರಿದ್ದು ಬರಿ ಮಣ್ಣಿಗೆ. ತುಂಬಿದ ಬಾಯಿಯಲ್ಲೇ ಹಾವು ಸಂದಿ ಸೇರಿ, ಕಣಕಿಯೊಳಗೆ ಸರಸರ ಸದ್ದಾಗಿ, ಆಮೇಲೆ ಅದೂ ನಿಂತಿತು.

“ಹೋತು ನೋಡವಾ,” ಎಂದು ಹನುಮಪ್ಪ ಕೋಲು ಕೆಳಗಿಟ್ಟ. ದಾನವ್ವ ಹಿಂದೆಯೇ ಬಂದು, “ನೀವು ಎದ್ದ ನಿಲ್ಲೂದ್ರಾಗ ಅದು ಉಂಡು ಕೈ ತೊಳಕೊಂಡು ಹೋತು” ಎಂದಳು.

ತಾಜಬಿ ಕೂತಲ್ಲಿಂದ ಏಳಲಿಲ್ಲ. ಇಮಾಮಬಿ ಹತ್ತಿರ ಹೋಗಿ ಬೆನ್ನು ಸವರಿದಳು. “ಹೋಗ್ಲಿ ಬಿಡವಾ. ಇನ್ನೊಂದ ಮರಿಗೆ ದಾರ ಕಟ್ಟೂಣು. ಪೀರರೇನು ಸಿಟ್ಟಾಗೂದಿಲ್ಲ.”

“ಅದು ನನ್ನ ನೋಡಿತವ್ವಾ. ನಾನೂ ಅದನ್ನ ನೋಡಿದೆ. ನಿಲ್ಲಲಿಲ್ಲ.”

“ಹುಚ್ಚಿ! ಹಾವಿಗೇನ ತಿಳೀತೈತಿ? ಅದೆಲ್ಲಾ ಮಂದಿ ಆಡೂ ಮಾತು.”

“ನಿನ್ನಿ ಖರೇ ಅಂದವರು ನೀವ ಇಬ್ಬರೂ ಅಲ್ಲೇನಬೇ?”

ಇಮಾಮಬಿ ದಾನವ್ವನ ಮುಖ ನೋಡಿದಳು. ದಾನವ್ವ, “ಕೇರಿಹಾವಿಗೆ ನಡಿಯೂದಿಲ್ಲ ಬಿಡು, ನಾಗರಹಾವಿಗಷ್ಟ ಅದು” ಎಂದಳು. ಹೇಳಿದ ರೀತಿಯಲ್ಲೇ ಆ ಮಾತನ್ನು ಆಗಷ್ಟೇ ಹುಟ್ಟಿಸಿದ್ದು ತಿಳಿಯುತ್ತಿತ್ತು.

ತಾಜಬಿ ನೆಲ ನೋಡುತ್ತ ಹೇಳಿದಳು: “ಹ್ವಾದ ಶುಕ್ರವಾರ, ಜುಮ್ಮಾದ ದಿನದಿಂದ ಹೊಟ್ಟ್ಯಾಗ ಕೂಸು ಮಿಸುಕಾಡಿಲ್ಲ. ಹಾವ ನಿಂತರ ಜೀವ ಐತಿ ಅಂತ ಗೊತ್ತಾಗತಿತ್ತು. ಅದಕ್ಕ ಕುಂತಿದ್ದೆ.”

ಹನುಮಪ್ಪ ಮೆಲ್ಲಗೆ ಗೋಡೆಯಾಚೆ ಹೋದ. ದಾನವ್ವ ತಾಜಬಿಯನ್ನು ಒಳಗೆ ಕರೆದೊಯ್ದು ಮಲಗಿಸಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಎಂದೂ ಬಾಯಿ ಮುಚ್ಚದ ಹೆಂಗಸು ಬಾಯಿ ಮುಚ್ಚಿಕೊಂಡು ಒತ್ತಿದಳು, ಮಗ್ಗುಲಾಗಿಸಿದಳು, ಕಿವಿ ಹಚ್ಚಿದಳು. ಬೆಲ್ಲದ ನೀರು ಕುಡಿಸಲು ಹೇಳಿದಳು. ಕುಡಿಸಿ ಮೂವರೂ ಕಾದರು. ಕಡೆಗೆ ದಾನವ್ವ ಇಮಾಮಬಿಯ ಕಣ್ಣು ತಪ್ಪಿಸಿ ಎದ್ದು, ಗೋಡೆಯ ಬಳಿ ಹೋಗಿ ಗಂಡನಿಗೆ ಕೂಗಿದಳು: “ಚಕ್ಕಡಿ ಹೂಡ್ರಿ. ಧಾರವಾಡದ ದವಾಖಾನಿಗೆ. ಲಗೂ.”

“ಯಾಕ ದಾನವ್ವ? ಏನಂತ ಹೇಳವಾ ನನಗ.”

ದಾನವ್ವ ಕೌದಿ ಮಡಚತೊಡಗಿದಳು.

ಚಕ್ಕಡಿಯಲ್ಲಿ ಹುಲ್ಲು ಹಾಸಿ ತಾಜಬಿಯನ್ನು ಮಲಗಿಸಿದರು. ಇಮಾಮಬಿ ಪಕ್ಕದಲ್ಲಿ ಕುಳಿತು ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ದಾರಿಯಲ್ಲಿ ಗಾಲಿ ಕಲ್ಲು ಹತ್ತಿಳಿದಾಗಲೆಲ್ಲ ಕೈಯಡಿ ಏನೋ ಅಲುಗಿದಂತಾಗುತ್ತಿತ್ತು. ಆಗೆಲ್ಲ ಅವಳು ಉಸಿರು ಬಿಗಿಹಿಡಿದು, ಇನ್ನೊಮ್ಮೆ ಅಲುಗೀತೆಂದು ಕಾಯುತ್ತಿದ್ದಳು. ಹಾದಿ ಸಮನಾಗುತ್ತಿತ್ತು. ಅಲುಗಿದ್ದು ಚಕ್ಕಡಿಯೆಂದು ತಿಳಿಯುತ್ತಿತ್ತು.