ಮಕ್ತುಮಸಾಬನ ರಿವಾಲ್ವರ್

ತೋಟದ ಒಡೆಯರಾದ ಭಾಟಕಾರರು ಕಾವಲಿನ ಕೆಲಸಕ್ಕೆಂದು ಮೇಜಿನ ಮೇಲೆ ಎರಡು ಆಯುಧಗಳನ್ನಿಟ್ಟು ಯಾವುದು ಬೇಕೋ ಆರಿಸಿಕೋ ಎಂದಾಗ ಮಕ್ತುಮಸಾಬ ಒಂದು ಸುಳ್ಳು ಹೇಳಿಬಿಟ್ಟ. ಒಂದು ಉದ್ದನೆಯ ಒಂಟಿ ನಳಿಗೆಯ ಬಂದೂಕು. ಇನ್ನೊಂದು ಅವರ ತಂದೆಯ ಕಾಲದ ರಿವಾಲ್ವರ್. ಕಿರುಬೆರಳು ಹೋಗುವಷ್ಟು ದೊಡ್ಡ ಬಾಯಿ, ಎತ್ತಿದರೆ ಮಣಿಕಟ್ಟು ಜಗ್ಗುವಷ್ಟು ಭಾರ. ಬಂದೂಕೇ ವಾಸಿ, ಅದರ ಸದ್ದಿಗೇ ಪ್ರಾಣಿ ಓಡುತ್ತದೆ, ರಿವಾಲ್ವರ್ ಒದ್ದರೆ ಪಳಗದ ಕೈ ತಡೆಯುವುದಿಲ್ಲ ಎಂದು ಭಾಟಕಾರರು ಬಾಯಿಬಿಟ್ಟು ಹೇಳಿದರು. ಮಕ್ತುಮಸಾಬ ಕೇಳಬೇಕಲ್ಲ! ತನ್ನ ಮಾಮಾ ಪೊಲೀಸಿನಲ್ಲಿದ್ದರೆಂದೂ ತನ್ನ ಕೈ ಚಿಕ್ಕಂದಿನಿಂದಲೇ ಇದರಲ್ಲಿ ಪಳಗಿದೆಯೆಂದೂ ಹೇಳಿದ. ಅವನ ಮಾಮಾ ವಿಜಯಪುರದಲ್ಲಿ ಬಳೆ ಮಾರುತ್ತಿದ್ದರು.

ಅವನ ಲೆಕ್ಕಾಚಾರ ಬೇರೆಯೇ ಇತ್ತು. ಇಪ್ಪತ್ತು ವರ್ಷ ಗೋವಾದ ಮುರ್ಮುಗಾಂವ್ ಬಂದರಿಗೆ ಅದಿರಿನ ಲಾರಿ ಹೊಡೆದವನು. ಗಣಿಗಳು ನಿಂತಮೇಲೆ ಕೊರ್ತಾಲಿಮ್ಮಿನ ಬಾಡಿಗೆ ಖೋಲಿಯಲ್ಲಿ ಕೈಕಟ್ಟಿ ಕುಳಿತ. ಡ್ರೈವರ್‌ಸಾಬ್ ಎಂದು ಕರೆಯುತ್ತಿದ್ದ ಓಣಿಯವರೇ ಆಮೇಲೆ ‘ಏ ಮಕ್ತುಮ್’ ಎನ್ನತೊಡಗಿದ್ದರು. ಹೆಗಲಿಗೆ ಬಂದೂಕು ಹಾಕಿದವನನ್ನು ವಾಚಮನ್ ಅನ್ನುತ್ತಾರೆ, ಸೊಂಟಕ್ಕೆ ರಿವಾಲ್ವರ್ ಕಟ್ಟಿದವನಿಗೆ ದಾರಿ ಬಿಡುತ್ತಾರೆ ಎಂದು ಅವನು ನಂಬಿದ್ದ. ಐವತ್ತೆರಡು ವರ್ಷದ ಗಂಡಸಿಗೆ ಇಂಥ ಚಪಲ ಬರಬಾರದಿತ್ತು, ಬಂತು.

ಭಾಟಕಾರರ ಲೈಸೆನ್ಸಿನಲ್ಲಿ ಅವನ ಹೆಸರೂ ಸೇರಿತು. ಕಾಡಿನ ಅಂಚಿನ ಗುಡ್ಡದಲ್ಲಿ ಅವರ ಗೇರುತೋಟ. ಬಿದ್ದ ಗೇರುಹಣ್ಣಿನ ವಾಸನೆಗೆ ಬೆಳಗಿನ ಹೊತ್ತು ಕಾಡುಕೋಣಗಳು ಇಳಿದು ಬರುತ್ತಿದ್ದವು. ಅವುಗಳನ್ನು ಕೊಂದರೆ ಜೈಲು. ಜೀವಕ್ಕೆ ಬಂದಾಗ ಗಾಳಿಯಲ್ಲಿ ಹಾರಿಸಿ ಹೆದರಿಸಬೇಕು, ಅಷ್ಟೇ. ಪರೀಕ್ಷೆಗೆಂದು ಮೊದಲ ದಿನ ಒಂದು ಗುಂಡು ಹಾರಿಸಿದ. ಕೈ ಹಾರಿ ಹಣೆಗೆ ಬಡಿಯಿತು, ಕಿವಿ ಗುಂಯ್ ಎಂದಿತು, ಮಣಿಕಟ್ಟು ನಾಲ್ಕು ದಿನ ಊದಿಕೊಂಡಿತ್ತು. ಭಾಟಕಾರರು ನಕ್ಕು ಒಳಗೆ ಹೋದರು.

ಅಂದಿನಿಂದ ಅವನಿಗೆ ಆ ವಸ್ತುವೆಂದರೆ ಹೆದರಿಕೆ. ನಡೆಯುವಾಗ ತಾನಾಗಿಯೇ ಹಾರಿ ತೊಡೆ ಸೀಳಿದರೆ? ಮರುದಿನ ಗುಂಡುಗಳನ್ನೆಲ್ಲ ತೆಗೆದು, ಕರ್ಚೀಫಿನಲ್ಲಿ ಗಂಟು ಕಟ್ಟಿ, ಬುತ್ತಿಯ ಚೀಲದ ತಳದಲ್ಲಿಟ್ಟ. ಚೀಲವನ್ನು ತೋಟದ ಕೆಳಗಿನ ಗುಡಿಸಲಲ್ಲಿ ನೇತುಹಾಕಿದ. ಖಾಲಿ ರಿವಾಲ್ವರನ್ನು ಸೊಂಟಕ್ಕೆ ಕಟ್ಟಿಕೊಂಡು ಗುಡ್ಡ ಹತ್ತಿದ. ಈ ಗುಟ್ಟನ್ನು ಹೆಂಡತಿ ಖುರ್ಷಿದಾಬೇಗಂಗೂ ಹೇಳಲಿಲ್ಲ.

ಗೇರು ಆರಿಸಲು ಬರುತ್ತಿದ್ದವರು ಆರು ಮಂದಿ ಹೆಂಗಸರು. ಅವರಲ್ಲಿ ಹಿರಿಯಳು ದುರ್ಗಾಬಾಯಿ, ಎಲ್ಲರಿಗಿಂತ ಚಿಕ್ಕವಳು ಅವಳ ಸೊಸೆ ಮೀನಾಕ್ಷಿ. ಪ್ರವಾಸಿಗರ ಸೀಸನ್ನಿನಲ್ಲಿ ಸಮುದ್ರದ ದಂಡೆಯ ಮೇಲೆ ಮಣಿಸರ ಮಾರುವವರು, ಬೇಸಿಗೆಯಲ್ಲಿ ಕೋಲಿನ ತುದಿಗೆ ಮೊಳೆ ಹೊಡೆದುಕೊಂಡು ಇಲ್ಲಿಗೆ ಬರುತ್ತಿದ್ದರು. ಬಿದ್ದ ಹಣ್ಣನ್ನು ಬಗ್ಗದೆ ಚುಚ್ಚಿ ಎತ್ತಲಿಕ್ಕೆ. ಗುಡ್ಡ ಹತ್ತುವಾಗ ಖಾಲಿ ಎಣ್ಣೆಡಬ್ಬಿ ಬಡಿಯುತ್ತ, ‘ಹೋ, ಹೋ’ ಎಂದು ಕೂಗುತ್ತ ಹತ್ತುವುದು ಅವರ ಪದ್ಧತಿ. ಸದ್ದು ಕೇಳಿದರೆ ಕೋಣ ತಾನೇ ದೂರ ಸರಿಯುತ್ತದೆ.

ಆ ಡಬ್ಬಿಯ ಸದ್ದು ಮಕ್ತುಮಸಾಬನಿಗೆ ಅವಮಾನವೆನಿಸಿತು. ರಿವಾಲ್ವರ್ ಕಟ್ಟಿದವನ ಮುಂದೆ ಡಬ್ಬಿ ಬಡಿದರೆ ಅವನಿಗೇನು ಮರ್ಯಾದೆ?

“ಡಬ್ಬಿ ಬಿಡ್ರಿ ಇನ್ನ. ಗದ್ದಲಕ್ಕ ಪ್ರಾಣಿ ಸಿಟ್ಟಿಗೇಳತೈತಿ. ನಾ ಅದೀನಲ್ಲ, ಇದು ಐತಲ್ಲ,” ಎಂದು ಸೊಂಟ ತಟ್ಟಿದ.

“ನಾವು ಮೊದಲಿಂದ ಹಿಂಗ ಮಾಡ್ಕೋತ ಬಂದೇವಿ, ಮಕ್ತುಮಣ್ಣ,” ಎಂದಳು ದುರ್ಗಾಬಾಯಿ.

“ಅತ್ತಿ, ಕಾಕಾ ಅದಾರಲ್ಲ, ಅಂಜಿಕಿ ಯಾಕ?” ಎಂದು ಮೀನಾಕ್ಷಿ ನಕ್ಕಳು. ಡಬ್ಬಿಗಳು ಗುಡಿಸಲಲ್ಲೇ ಉಳಿದವು.

ಏಪ್ರಿಲ್ ಎರಡನೆಯ ವಾರ, ಬೆಳಗಿನ ಏಳು ಗಂಟೆ. ಹೆಂಗಸರು ಸದ್ದಿಲ್ಲದೆ ಹಣ್ಣು ಚುಚ್ಚುತ್ತಿದ್ದರು. ಮೀನಾಕ್ಷಿ ಉಳಿದವರಿಗಿಂತ ಸ್ವಲ್ಪ ಮೇಲಿದ್ದಳು, ಮಕ್ತುಮಸಾಬ ಅವಳಿಂದ ಇಪ್ಪತ್ತು ಹೆಜ್ಜೆ ಕೆಳಗೆ. ಪೊದೆಯ ಆಚೆಯಿಂದ ಒಂಟಿ ಕೋಣವೊಂದು ತಲೆಯೆತ್ತಿತು. ಅವಳಿಗೂ ಅದಕ್ಕೂ ನಡುವೆ ಒಂದು ಮರದ ನೆರಳಿನಷ್ಟೇ ಜಾಗ.

ಅವಳು ಓಡಬಹುದಿತ್ತು. ಪಕ್ಕದಲ್ಲೇ ದಪ್ಪ ಬೊಡ್ಡೆಯ ಮರವಿತ್ತು, ಅದರ ಹಿಂದೆ ಸರಿದಿದ್ದರೂ ಸಾಕಿತ್ತು. ಅವಳು ತಿರುಗಿ ಮಕ್ತುಮಸಾಬನನ್ನು ನೋಡಿದಳು. ಅವನು ರಿವಾಲ್ವರ್ ಸೆಳೆದ. ಎರಡೂ ಕೈಯಲ್ಲಿ ಹಿಡಿದು ಗುರಿಯಿಟ್ಟು ನಿಂತ. ಅದನ್ನು ನೋಡಿ ಅವಳ ಮುಖದಲ್ಲಿ ಧೈರ್ಯ ಬಂತು. ಅಲುಗದೆ, ಉಸಿರು ಬಿಗಿಹಿಡಿದು, ಸದ್ದಿಗಾಗಿ ಕಾದಳು. ಎಷ್ಟು ಹೊತ್ತು ಕಾದಳೋ, ಮಕ್ತುಮಸಾಬನಿಗೆ ಮಾತ್ರ ಅದು ಒಂದು ಇಡೀ ದಿನದಂತೆ ನೆನಪಿದೆ. ಆಮೇಲೆ ಕೋಣ ನುಗ್ಗಿತು.

ದುರ್ಗಾಬಾಯಿ ಎರಡೂ ಕೈಯಲ್ಲಿ ಕಲ್ಲು ಹಿಡಿದು ಅರಚುತ್ತ ಮೇಲಕ್ಕೆ ಓಡಿ ಬಂದಳು. ಅವಳ ಹಿಂದೆ ಉಳಿದವರೂ ಕೂಗುತ್ತ ಬಂದರು. ಕೋಣ ಒಮ್ಮೆ ಎಲ್ಲರನ್ನೂ ನೋಡಿ ಕಾಡಿಗೆ ಹೊರಳಿತು. ಮೀನಾಕ್ಷಿಯ ತೊಡೆಯ ಮೂಳೆ ಮುರಿದಿತ್ತು, ಪಕ್ಕೆಲುಬು ಎರಡು ಬಿರುಕು ಬಿಟ್ಟಿದ್ದವು.

ಅವಳನ್ನು ಟೆಂಪೋದಲ್ಲಿ ದವಾಖಾನೆಗೆ ಒಯ್ಯುವಾಗ, ಯಾರೂ ಕೇಳುವ ಮೊದಲೇ ಮಕ್ತುಮಸಾಬ ಹೇಳಿದ: “ಹುಡುಗಿ ಅಡ್ಡ ಇದ್ಲರಿ. ಗಾಳ್ಯಾಗ ಹಾರಿಸಿದ್ರ ಕೋಣ ಬೆದರಿ ಆಕಿ ಮ್ಯಾಲೇ ನುಗ್ಗತಿತ್ತು, ಗುರಿಯಿಟ್ಟು ಹೆಂಗ ಹೊಡೀಲಿ? ಗುಂಡು ಆಕಿಗೇ ಬಿದ್ದಿದ್ರ?” ಮಾತು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು. ಎಲ್ಲರೂ ಒಪ್ಪಿದರು. ಭಾಟಕಾರರು ಬೆನ್ನು ತಟ್ಟಿದರು. ದುರ್ಗಾಬಾಯಿ ಅಳುತ್ತಲೇ ಅವನ ಕೈಹಿಡಿದು, “ದೇವರು ನಿಮಗ ಒಳ್ಳೆ ಬುದ್ಧಿ ಕೊಟ್ಟ, ಮಕ್ತುಮಣ್ಣ. ಬ್ಯಾರೆಯವರಾಗಿದ್ರ ಗಾಬರಿಬಿದ್ದು ಹಾರಿಸೇಬಿಡ್ತಿದ್ರು,” ಎಂದಳು. ಖುರ್ಷಿದಾಬೇಗಂ ಓಣಿಯಲ್ಲೆಲ್ಲ ಗಂಡನ ಸಮಾಧಾನದ ಗುಣ ಹೊಗಳಿಕೊಂಡು ಬಂದಳು.

ನಾಲ್ಕನೆಯ ದಿನ ಸಂಜೆ ದವಾಖಾನೆಗೆ ಹೋದ. ವಾರ್ಡಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಮೀನಾಕ್ಷಿಯ ಕಾಲನ್ನು ತೂಕ ಕಟ್ಟಿ ಎಳೆದಿದ್ದರು. ದುರ್ಗಾಬಾಯಿ ಕಿಟಕಿಯ ಹತ್ತಿರ ಮೋಸಂಬಿ ಸುಲಿಯುತ್ತಿದ್ದಳು. ಅವನನ್ನು ಕಂಡದ್ದೇ ಮೀನಾಕ್ಷಿ ಸೆರಗು ಸರಿಮಾಡಿಕೊಂಡಳು.

“ತಪ್ಪು ನಂದ್ರಿ ಕಾಕಾ,” ಎಂದಳು. ಪಕ್ಕೆಯ ನೋವಿಗೆ ತಡೆತಡೆದು ಮಾತಾಡಿದಳು. “ನಾ ಬಾಜೂಕ ಸರದಿದ್ರ ನೀವು ಹೊಡೀತಿದ್ರಿ. ಸುಮ್ಮನ ನಡುವ ನಿಂತುಬಿಟ್ಟೆ. ನನ್ನಿಂದ ನಿಮಗ ತ್ರಾಸ ಆತು. ಮನಸಿಗೆ ಹಚ್ಕೋಬ್ಯಾಡ್ರಿ.”

ಅವಳೊಮ್ಮೆ ಬೈದಿದ್ದರೆ ಅವನು ಆ ಸುಳ್ಳನ್ನೇ ಹೊದ್ದು ಬದುಕಿಬಿಡುತ್ತಿದ್ದನೇನೋ. ಮುರಿದ ಕಾಲಿನ ಹುಡುಗಿ ತನ್ನ ಹತ್ತಿರ ಕ್ಷಮೆ ಕೇಳುವುದನ್ನು ಅವನಿಂದ ತಾಳಿಕೊಳ್ಳಲಾಗಲಿಲ್ಲ.

“ಅದರಾಗ ಗುಂಡು ಇರಲಿಲ್ಲವ್ವ,” ಎಂದ. “ಖಾಲಿ ಇತ್ತು. ದಿನಾ ಖಾಲೀನ ಇರ್ತಿತ್ತು. ನನಗ ಅದರ ಅಂಜಿಕಿ.”

ದುರ್ಗಾಬಾಯಿಯ ಕೈ ನಿಂತಿತು. ಅವಳು ಕೂಗಾಡುತ್ತಾಳೆ, ಎದ್ದು ಬಂದು ಹೊಡೆಯುತ್ತಾಳೆ ಎಂದುಕೊಂಡ. ಹೊಡೆಯಲಿ ಎಂದೇ ಬಯಸಿದ. ಅವಳು ಕೂತಲ್ಲೇ ಕೂತಿದ್ದಳು. ಮೀನಾಕ್ಷಿ ಅವನ ಮುಖವನ್ನೇ ನೋಡುತ್ತಿದ್ದಳು.

“ಖಾಲಿ ಐತಿ ಅಂತ ಆವಾಗ ನಿಮಗ ನೆನಪಿತ್ತೇನ್ರಿ?”

“ಇತ್ತವ್ವ.”

“ಮತ್ತ ‘ಓಡು’ ಅಂತ ಯಾಕ ಅನ್ಲಿಲ್ರಿ ಕಾಕಾ?”

ಓಡು ಎಂದಿದ್ದರೆ ಉಳಿದ ಐದು ಮಂದಿ ಹೆಂಗಸರೆದುರು ಅವನ ಸೊಂಟದ ಬಂಡವಾಳ ಬಯಲಾಗುತ್ತಿತ್ತು. ಆ ಒಂದು ಗಳಿಗೆಯಲ್ಲಿ ಅವನು ಅವಳ ಜೀವವನ್ನೂ ತನ್ನ ಮರ್ಯಾದೆಯನ್ನೂ ತೂಗಿ ನೋಡಿದ್ದ. ಇದನ್ನು ನಾಲ್ಕು ದಿನದಿಂದ ತನಗೆ ತಾನೇ ಕೂಡ ಹೇಳಿಕೊಂಡಿರಲಿಲ್ಲ.

“ಮಂದಿ ಮುಂದ ನಾಚಿಕಿ ಆತವ್ವ,” ಎಂದ.

ದುರ್ಗಾಬಾಯಿ ಎದ್ದು ಬಂದು ಮಂಚದ ಅಂಚಿಗೆ, ಸೊಸೆಗೂ ಅವನಿಗೂ ನಡುವೆ, ಅವನಿಗೆ ಬೆನ್ನು ಮಾಡಿ ಕುಳಿತು ಅವಳ ಬಾಯಿಗೆ ಮೋಸಂಬಿಯ ತೊಳೆ ಇಟ್ಟಳು. ಮಕ್ತುಮಸಾಬ ಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿಕೊಂಡ.