ಮೊಣಕೈವರೆಗೆ

ನರ್ಸಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಎಲ್ಲರ ಬಾಯಲ್ಲೂ ಅವಳು ಮೆಣಸಿನಕಾಯಿ. ಆಳು ಚೋಟುದ್ದ, ಬಾಯಿ ಮಾರುದ್ದ. ಆ ಬಾಯಿಯೂ ಕಳೆದ ವರ್ಷ ಆರು ತಿಂಗಳು ಮುಚ್ಚಿಹೋಗಿತ್ತು. ಹಗಲೆಲ್ಲ ವಾರ್ಡು, ಸಂಜೆ ಪಾಠ, ಚೂರು ತಪ್ಪಿದರೆ ರೋಗಿಗಳ ಎದುರೇ ಮಂಗಳಾರತಿ. ತಡೆಯಲಾಗದೆ ಅವಳು ತನ್ನ ಕೈಗೆ ತಾನೇ ಗಾಯ ಮಾಡಿಕೊಳ್ಳತೊಡಗಿದ್ದಳು. ರಜೆಯಲ್ಲಿ ಪತ್ತೆಹಚ್ಚಿದ ಚಿಕ್ಕಮ್ಮ ಬೈಯಲಿಲ್ಲ, ಮನೋವೈದ್ಯರ ಬಳಿ ಕರೆದೊಯ್ದಳು. ಈಗ ಗಾಯ ಮಾಯ್ದು ಸ್ವೆಟರಿನ ತೋಳಿನಡಿ ಗೆರೆಗಳಷ್ಟೇ ಉಳಿದಿದ್ದವು.

ಇಂದು ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ಪಾಸಾದರೆ ನರ್ಸ್, ಇಲ್ಲದಿದ್ದರೆ ಇನ್ನೊಂದು ವರ್ಷ ಇಲ್ಲೇ ಕೊಳೆಯಬೇಕು. ಮೊದಲನೆಯದೇ ಆಪರೇಷನ್ನಿಗೆ ಮುಂಚೆ ಕೈ ತೊಳೆಯುವ ಕ್ರಮ. ಬೆರಳ ತುದಿಯಿಂದ ಮೊಣಕೈವರೆಗೆ ಒಂದಿಂಚು ಬಿಟ್ಟರೂ ಫೇಲ್. ಮೂರು ವರ್ಷ ಇದನ್ನೇ ಅರೆದು ಕುಡಿಸಿದ್ದ ಟೀಚರಮ್ಮ ಇಂದು ಬಾಗಿಲಲ್ಲೇ ಅವಳನ್ನು ತಡೆದರು.

"ಸ್ವೆಟರ್ ತೆಗೀಬೇಡ. ಮಣಿಕಟ್ಟಿನವರೆಗೆ ತೊಳ್ಕೊ, ಸಾಕು. ಹೊರಗಿಂದ ಬಂದ ಪರೀಕ್ಷಕರು ನೋಡಿದ್ರೆ ಕಾಲೇಜಿನ ಮಾನ ಹೋಗುತ್ತೆ."

"ಫೇಲಾಗ್ತೀನಲ್ಲ, ಮೇಡಂ?"

"ಮುಂದಿನ ವರ್ಷ ಕೂತ್ರಾಯ್ತು. ಅಷ್ಟರಲ್ಲಿ ಗುರುತು ಮಾಸಿರುತ್ತೆ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹೋದ ವರ್ಷ ತಾನು ಅನ್ನ ಬಿಟ್ಟು ಮಲಗಿದ್ದಾಗ ಈ ಮಾನ ಎಲ್ಲಿ ಗೊರಕೆ ಹೊಡೆಯುತ್ತಿತ್ತು? ಹಾಜರಿ ಕೇಳಲು ಬಾಗಿಲು ಬಡಿದವರಲ್ಲಿ ಒಬ್ಬರೂ ಏನಾಗಿದೆ ಎಂದು ಕೇಳಿರಲಿಲ್ಲ.

ಸಿಂಕಿನ ಮುಂದೆ ನಿಂತು ಸ್ವೆಟರ್ ಕಳಚಿದಳು. ಬೆರಳು, ಅಂಗೈ, ಮಣಿಕಟ್ಟು ಉಜ್ಜಿ ಮೇಲೇರಿದಳು. ಪರೀಕ್ಷಕರ ಪೆನ್ನು ನಿಂತಿತು.

"ಏನಮ್ಮ ಇದು?"

"ನಾನೇ ಮಾಡ್ಕೊಂಡಿದ್ದು, ಮೇಡಂ. ಹೋದ ವರ್ಷದ್ದು. ಚಿಕಿತ್ಸೆ ತಗೋತಿದೀನಿ. ಚರ್ಮ ಪೂರ್ತಿ ಕೂಡಿದೆ, ತೊಳೆಯೋಕೆ ಅಡ್ಡಿಯಿಲ್ಲ."

ಟೀಚರಮ್ಮ ಕೆಮ್ಮಿದರು. ಪರೀಕ್ಷಕರು ಬಗ್ಗಿ ನೋಡಿ, "ಹೌದು, ಅಡ್ಡಿಯಿಲ್ಲ. ಮುಂದುವರಿಸು," ಎಂದರು. ಅವಳು ಮುಗಿಸಿ, ಮೊಣಕೈಯಿಂದ ನಲ್ಲಿ ನಿಲ್ಲಿಸಿದಳು.

ಮುಂದಿನವಳು ಪಕ್ಕದ ಮಂಚದ ಹುಡುಗಿ. ಸುಡುಬೇಸಿಗೆಯಲ್ಲೂ ಚಳಿ ಎಂದು ತುಂಬುತೋಳಿನ ಸ್ವೆಟರ್ ತೊಡುವವಳು. ತಾನೂ ಸ್ವೆಟರ್ ತೊಡುವ ಮುಂಚೆ ಅದಕ್ಕೆ ಎಲ್ಲರಿಗಿಂತ ಹೆಚ್ಚು ಗೇಲಿ ಮಾಡಿದ್ದವಳು ಮೆಣಸಿನಕಾಯಿಯೇ. ಈಗ ಆ ಹುಡುಗಿ ಇವಳ ಕೈಯನ್ನೇ ನೋಡುತ್ತ ಸ್ವೆಟರಿನ ಗುಂಡಿ ಬಿಚ್ಚತೊಡಗಿದಳು. ಒಂದೇ ಕೋಣೆಯಲ್ಲಿದ್ದು ತನಗೂ ತಿಳಿಯಲಿಲ್ಲವಲ್ಲ ಎಂದುಕೊಂಡಳು ಮೆಣಸಿನಕಾಯಿ.

"ನಿಂದು ಮುಗೀತು, ಹೊರಗೆ ನಡಿ," ಎಂದರು ಟೀಚರಮ್ಮ.

"ಇವಳದ್ದು ಮುಗೀಲಿ, ಮೇಡಂ. ಒಟ್ಟಿಗೇ ಹೋಗ್ತೀವಿ," ಎಂದು ಅವಳು ಒದ್ದೆ ಕೈ ಎತ್ತಿಕೊಂಡೇ ಸಿಂಕಿನ ಪಕ್ಕ ನಿಂತಳು.