ಬಚ್ಚಪ್ಪನ ವ್ಯಾನು ಬಾಯಿ ಮುಚ್ಚಲಿಲ್ಲ

ಸೀಟು ಎತ್ತಿ, ಅಡಿಯಲ್ಲಿದ್ದ ಬ್ಯಾಟರಿಯ ವೈರನ್ನು ಚಲಪತಿ ಒಂದೇ ಏಟಿಗೆ ಕಿತ್ತ. ವ್ಯಾನು ಒಂದು ಉಸಿರು ಸುಮ್ಮನಾಯಿತು. ಆಮೇಲೆ ಮೊದಲಿಗಿಂತ ಜೋರಾಗಿ ಕೂಗತೊಡಗಿತು.

ಮತ್ತಿಗಿರಿಯ ಆ ಬೀದಿಯಲ್ಲಿ ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿದರು. ಕಣ್ಣೊರೆಸಿಕೊಳ್ಳುತ್ತ ಕಿವಿಯನ್ನೂ ಮುಚ್ಚಿಕೊಳ್ಳಲು ಎರಡು ಕೈ ಸಾಲವು.

"ವೈರು ಕಿತ್ತಾಕಿದ್ರೂ ಕೂಗ್ತದಲ್ಲ ದೊಡ್ಡಮ್ಮ! ದೆವ್ವ ಹೊಕ್ಕೈತಾ?"

"ದೆವ್ವ ಅಲ್ಲ ಕಣ್ಲಾ, ನಿಮ್ ದೊಡ್ಡಪ್ಪ," ಎಂದಳು ಗಂಗರತ್ನಮ್ಮ. "ಒಳಗೆ ಇನ್ನೊಂದು ಸೈರನ್ ಮಡಗವ್ರೆ. ಅದಕ್ಕೆ ಅದರದೇ ಬ್ಯಾಟ್ರಿ."

"ಎಲ್ಲಿ ಮಡಗವ್ರೆ?"

"ಅವರ್ನೇ ಕೇಳು."

ಕಾರುಗಳಿಗೆ ವೈರಿಂಗ್ ಮಾಡುತ್ತಲೇ ಎಪ್ಪತ್ತೈದು ದಾಟಿಸಿದ ಬಚ್ಚಪ್ಪ ಚಟ್ಟದ ಮೇಲೆ ಹಾರ ಹಾಕಿಸಿಕೊಂಡು ಮಲಗಿದ್ದ. ಬದುಕಿದ್ದಾಗಲೇ ಹೇಳದವನು ಈಗ ಹೇಳುವನೇ? ಬಾಗಿಲು ತೆಗೆದೊಡನೆ ಶುರುವಾಗಿದ್ದ ಈ ಕೂಗು ನಿಲ್ಲಿಸುವ ರಿಮೋಟು ಅವನ ಅಂಗಿಯ ಜೇಬಿನಲ್ಲಿತ್ತು. ಬೆಳಿಗ್ಗೆ ಹೆಣಕ್ಕೆ ನೀರು ಹುಯ್ದಾಗ ಅದಕ್ಕೂ ಸ್ನಾನವಾಗಿ, ಯಜಮಾನನ ಹಿಂದೆಯೇ ಅದೂ ಹೋಗಿತ್ತು.

ಮಣ್ಣು ಮಾಡಬೇಕಾದದ್ದು ಜವಳಗಿರಿಯ ಹೊಲದಲ್ಲಿ. ಕತ್ತಲಾದರೆ ಆ ದಾರಿ ಆನೆಗಳದ್ದು.

ಚಲಪತಿ ಹಾರೆ ತಂದ. "ಡ್ಯಾಶ್‌ಬೋರ್ಡ್ ಒಡೆದಾಕ್ತೀನಿ. ಇಲ್ಲಾಂದ್ರೆ ಬಾಡಿಗೆ ಗಾಡಿ ತರಿಸ್ತೀನಿ, ಬುಡು."

"ಅವರ ಗಾಡೀಲೇ ಅವರು ಹೋಗ್ಬೇಕು. ಅದರ ಮೇಲೆ ಒಂದು ಗೀರು ಬಿತ್ತೋ, ಆ ಹಾರೇಲೇ ನಿನ್ನ ಮಂಡೆ ಒಡೀತೀನಿ."

ಚಲಪತಿ ಹಾರೆಯನ್ನು ಗೋಡೆಗೆ ಒರಗಿಸಿದ.

*

ಗಿರಾಕಿಯೊಬ್ಬನ ಕಾರು ಕಳುವಾದ ವರ್ಷ ಬಚ್ಚಪ್ಪ ಮೂರು ದಿನ ಅನ್ನ ಬಿಟ್ಟಿದ್ದ. ಅಲಾರಂ ಅವನೇ ಕೂರಿಸಿದ್ದು. ಕಳ್ಳ ಬ್ಯಾಟರಿ ವೈರು ಕತ್ತರಿಸಿ, ಗಾಡಿಯ ಬಾಯಿ ಕಟ್ಟಿ ಒಯ್ದಿದ್ದ. ನಾಲ್ಕನೆಯ ದಿನ ಬಚ್ಚಪ್ಪ ತನ್ನ ವ್ಯಾನಿನೊಳಗೆ ತಲೆಕೆಳಗಾಗಿ ನುಗ್ಗಿದ. ಹೊರಗಿದ್ದ ಕಾಲುಗಳನ್ನು ನೋಡಿಯೇ ಹೆಂಡತಿ ಅವನನ್ನು ಊಟಕ್ಕೆ ಕರೆದಳು.

"ರತ್ನಾ, ಈಗ ಕೇಳು," ಎಂದು ಹೊರಬಂದು ವೈರು ಎಳೆದ. ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ದೂರದ ಡೆಂಕಣಿಕೋಟೆಯಲ್ಲಿ ಸಿಕ್ಕಿತು ಎನ್ನುತ್ತಾರೆ.

"ಹೆಂಗೈತೆ?"

"ನಿಲ್ಸ್ರೀ ಮೊದ್ಲು! ಕಳ್ಳ ಗಾಡಿ ಸ್ಟಾರ್ಟ್ ಮಾಡ್ದೇ ಇರೋ ಹಂಗೆ ಮಾಡಕ್ಕಾಗಕಿಲ್ವಾ?"

"ಕಳ್ಳನ್ನ ಹಿಡಿಯೋದು ಊರೋರ ಕೆಲ್ಸ. ವೈರಿನ ಕೆಲ್ಸ ಊರ್ನ ಎಬ್ಬಿಸೋದು. ಹೇಳು, ಹೆಂಗೈತೆ?"

ಅವಳು ಎಮ್ಮೆ ಹುಡುಕಲು ಹೋದಳು. ಹೆಂಗಿದೆ ಎಂದು ಹೇಳಲೇ ಇಲ್ಲ.

*

ತಮಟೆಯ ವೆಂಕಟಸ್ವಾಮಿ ಆವರೆಗೆ ಕೈಕಟ್ಟಿ ನಿಂತಿದ್ದ. ಸೈರನ್ ಮೊದಲು ಊಳಿಟ್ಟು, ಆಮೇಲೆ ಕೋಳಿಯಂತೆ ಕೊಕ್ಕರಿಸಿ, ಕೊನೆಗೆ ಟೊಂಯ್ ಟೊಂಯ್ ಎಂದು ಕುಣಿದು, ಮತ್ತೆ ಊಳಿಡುತ್ತಿತ್ತು. ಎರಡು ಸುತ್ತು ಕೇಳಿದವನೇ ತಲೆಯಾಡಿಸಿದ.

"ಅಕ್ಕಾ, ತಾಳ ತಪ್ಪಲ್ಲ ಇದು. ನಮ್ ಹುಡುಗ್ರಿಗಿಂತ ವಾಸಿ. ವಯಸ್ಸಾಗಿ ಹೋದೋರ್ದು ಕಲ್ಯಾಣ ಸಾವು, ಕುಣೀತಾ ಕಳಿಸ್ಬೇಕು. ಬಾರಿಸ್ಲಾ?"

"ಬಾರ್ಸಪ್ಪ."

ಟೊಂಯ್ ಟೊಂಯ್ ಬಂದಾಗಲೆಲ್ಲ ತಮಟೆ ಒದಗಿತು. ಮೊದಲು ಒಬ್ಬ ಹೆಜ್ಜೆ ಹಾಕಿದ, ಆಮೇಲೆ ಬೀದಿಯೇ ಹಾಕಿತು. ಮೊಣಕಾಲು ನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದ ಮುದುಕರು ಎಣ್ಣೆಯ ಸಮೇತ ಕುಣಿದರು. ಚಲಪತಿ ತೆಪ್ಪಗೆ ವೈರನ್ನು ಮತ್ತೆ ಸಿಕ್ಕಿಸಿ ಎಂಜಿನ್ ಹೊತ್ತಿಸಿದ.

"ಹಿಂಗೇ ಹೋಗಾದಾ ದೊಡ್ಡಮ್ಮ? ದಾರಿ ಉದ್ದಕ್ಕೂ ಜನ ಏನಂದ್ಕೊಂಡಾರು?"

"ಬಚ್ಚಪ್ಪ ಹೋಯ್ತಾವ್ನೆ ಅಂದ್ಕೊಂಡಾರು. ಹೊಡಿ."

ಎದುರಿಗೆ ಬಂದ ಲಾರಿಗಳು ಮಣ್ಣಿಗಿಳಿದು ದಾರಿ ಬಿಟ್ಟವು. ತಿರುವಿನಲ್ಲಿದ್ದ ಪೋಲೀಸಿನವನು ಯಾವ ಮಂತ್ರಿಯೋ ಎಂದು ಸಲ್ಯೂಟ್ ಹೊಡೆದ. ಕತ್ತಲಿಗೆ ಹೊತ್ತು ಇನ್ನೂ ಇತ್ತು.

ವ್ಯಾನಿನ ಹಿಂಭಾಗದಲ್ಲಿ, ಗಂಡನ ತಲೆಯ ಹತ್ತಿರ ಕೂತಿದ್ದ ಗಂಗರತ್ನಮ್ಮ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಆಮೇಲೆ ಬಾಗಿ, ಅವನ ಕಿವಿಗೆ ಇಟ್ಟಿದ್ದ ಹತ್ತಿಯನ್ನು ಮೆಲ್ಲಗೆ ತೆಗೆದಳು. ಮೊದಲು ಒಂದು ಕಿವಿಯದು, ಆಮೇಲೆ ಇನ್ನೊಂದರದು.